ದೃಶ್ಯ 2ರ ಕೊನೆ ಮತ್ತು ನಮ್ಮ ಮಾಮು

ಕಳೆದ ವಾರ ಊಟದ ಬಿಡುವಿನಲ್ಲಿ ನಮ್ಮ ಬೆಂಚಿನಲ್ಲಿ ದೊಡ್ಡ ವಾದ. ವಿಷಯ ‘ದೃಶ್ಯ 2’ ಸಿನಿಮಾ. ಯಳಂದೂರಿನಿಂದ ಬರುವ ಗೆಳೆಯ, “ಕೋರ್ಟೇ ಬಿಟ್ಟ ಮೇಲೆ ರವಿಚಂದ್ರನ್ ತಪ್ಪೇ ಮಾಡಿಲ್ಲ ಕಣೋ” ಅಂದ. ಕೊಳ್ಳೇಗಾಲದವನು, “ಹಾಗಾದ್ರೆ ಪೊಲೀಸ್ ಠಾಣೆ ಅಗೆದಾಗ ಸಿಕ್ಕ ಮೂಳೆ ಯಾರದು?” ಎಂದು ಕೇಳಿದ. ಹನೂರಿನ ಬಸ್ಸಿನಲ್ಲಿ ಬರುವ ನಾನು ಸಿನಿಮಾವನ್ನು ಎರಡು ಸಲ ನೋಡಿದ್ದರಿಂದ ಪಂಚಾಯಿತಿಗೆ ಕೂತೆ.

ಪಿ. ವಾಸು ನಿರ್ದೇಶಿಸಿದ ಈ ಚಿತ್ರ 2021ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಜೀತು ಜೋಸೆಫ್ ಅವರ ಮಲಯಾಳಂ ‘ದೃಶ್ಯಂ 2’ ಇದರ ಮೂಲ. ಠಾಣೆಯಲ್ಲಿ ಸಿಕ್ಕಿದ್ದು ಸತ್ತ ಹುಡುಗನ ಮೂಳೆಯೇ. ಆದರೆ ಪರೀಕ್ಷೆಗೆ ಮುಂಚೆಯೇ ನಾಯಕ ಅದನ್ನು ಬದಲಿಸಿ ಬೇರೊಬ್ಬನ ಮೂಳೆ ಇಟ್ಟಿರುತ್ತಾನೆ. ಡಿಎನ್‌ಎ ಹೊಂದುವುದಿಲ್ಲ, ಕೇಸು ಬಿದ್ದುಹೋಗುತ್ತದೆ. ಇದೆಲ್ಲ ತಿಳಿಯುವುದು ಒಬ್ಬ ಸಿನಿಮಾ ಬರಹಗಾರ ಹೇಳುವ ಕಥೆಯಿಂದ. ಆ ಮಾತು ತಪ್ಪಿಸಿಕೊಂಡವರಿಗೆ ಕೊನೆ ಅರ್ಥವಾಗುವುದಿಲ್ಲ. ಇನ್ನೊಂದು ಸ್ವಾರಸ್ಯ ಹೇಳಿದೆ: ‘ದೃಶ್ಯಂ’ ಮೊದಲ ಭಾಗವನ್ನು 2019ರಲ್ಲಿ ಚೀನಾದವರು ಮತ್ತೆ ತೆಗೆದಾಗ, ಕೊನೆಯಲ್ಲಿ ತಂದೆ ತಾನೇ ಪೊಲೀಸರಿಗೆ ಶರಣಾಗುತ್ತಾನೆ.

ಎಲ್ಲರೂ ತಲೆಯಾಡಿಸಿದರು. ನಾನು ಉಬ್ಬಿ ತೀರ್ಪು ಕೊಟ್ಟೆ: “ಸಾಕ್ಷಿ ಇಲ್ಲ ಅಂತ ಬಿಟ್ಟರು ಅಷ್ಟೆ. ಬಿಟ್ಟ ಮಾತ್ರಕ್ಕೆ ತಪ್ಪು ಮಾಡಿಲ್ಲ ಅಂತ ಅಲ್ಲ.”

ಹೇಳಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ. ಇದೇ ಮಾತನ್ನು ನಮ್ಮೂರಿನವರು ನನ್ನ ಮಾಮುವಿನ ಬಗ್ಗೆ ಹೇಳುತ್ತಾರೆ.

ಮಾಮು ಟೆಂಪೊ ಓಡಿಸುತ್ತಿದ್ದರು. ಒಮ್ಮೆ ಮಾರುಕಟ್ಟೆಗೆ ಸಾಗಿಸುವಾಗ ಎರಡು ಮೂಟೆ ರೇಷ್ಮೆಗೂಡು ಕಾಣೆಯಾಯಿತು. ಕೇಸಾಯಿತು. ನಾಲ್ಕು ವರ್ಷ ಅಲೆದ ಮೇಲೆ ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾಯಿತು. ಅಮ್ಮಿ ಅವತ್ತು ಸಿಹಿ ಹಂಚಿದರು. ತೆಗೆದುಕೊಂಡವರು ಕಡಿಮೆ. ಈಗಲೂ ಮದುವೆ ಮನೆಯಲ್ಲಿ ಹಣದ ಚೀಲವನ್ನು ಯಾರೂ ಅವರ ಕೈಗೆ ಕೊಡುವುದಿಲ್ಲ.

ಸಂಜೆ ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಸಿನಿಮಾದ ಅಪ್ಪ ಹೆಣ ಬಚ್ಚಿಟ್ಟವನು. ಅವನು ಬಿಡುಗಡೆಯಾದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಏನೂ ಬಚ್ಚಿಡದ ಮಾಮು ಬಿಡುಗಡೆಯಾದಾಗ ಊರು ಮುಖ ತಿರುಗಿಸಿತು. ಸಿನಿಮಾದಲ್ಲಿ ನಡೆದಿದ್ದನ್ನೆಲ್ಲ ನಮಗೆ ತೋರಿಸಿದ್ದರು. ಮಾಮುವಿನ ಟೆಂಪೊದೊಳಗೆ ಏನಾಯಿತೆಂದು ಊರಿನ ಯಾರೂ ನೋಡಿಲ್ಲ. ಆರೋಪ ಸಾಬೀತು ಮಾಡಬೇಕಾದವರು ಆರೋಪ ಹೊರಿಸಿದವರು. ಅಲ್ಲಿಯವರೆಗೆ ಆರೋಪಿ ನಿರಪರಾಧಿ ಎನ್ನುತ್ತದೆ ಕಾನೂನು. ಕೋರ್ಟು ಪಾಲಿಸಿದ ಈ ನಿಯಮವನ್ನು ನಾವು ಬೀದಿಯಲ್ಲಿ ಪಾಲಿಸುವುದಿಲ್ಲ.

ಮನೆಗೆ ಬಂದು ಮಾಮುವಿಗೆ ನಡೆದಿದ್ದೆಲ್ಲ ಹೇಳಿದೆ. ಅವರು ನಕ್ಕು, “ಸಿನಿಮಾ ಬಗ್ಗೆ ನೀನು ಹೇಳಿದ್ದು ಸರಿನೇ ಬಿಡು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನನ್ನ ಬಗ್ಗೆ ಯಾರಾದ್ರೂ ಹಾಗೆ ಅಂದ್ರೆ ಮಾತ್ರ ಸುಮ್ಮನಿರಬೇಡ” ಅಂದರು.

ಮರುದಿನ ಬೆಂಚಿನಲ್ಲಿ ಮಾಮುವಿನ ಕಥೆ ಹೇಳಿದೆ. ಯಾರೂ ವಾದ ಮಾಡಲಿಲ್ಲ.