ಜಪಾನಿನ ಡಿಸ್ಕು, ಅವ್ವನ ಹಾಡಿನ ಪುಸ್ತಕ

ಆಸ್ಪರಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಹಳೆಯ ಕಬ್ಬಿಣದ ಟ್ರಂಕು ಇದೆ. ಹೊಲದ ಕಾಗದಪತ್ರ, ತೀರಿಹೋದವರ ಫೋಟೊ, ನಮ್ಮ ಅವ್ವ ಕೈಬರಹದಲ್ಲಿ ಬರೆದಿಟ್ಟ ಹಾಡಿನ ಪುಸ್ತಕ, ಹೀಗೆ ಕಳೆದುಹೋಗಬಾರದೆಂದು ನಾವು ತಿಳಿದದ್ದೆಲ್ಲ ಅದರೊಳಗಿದೆ. 2024ರಿಂದ ಅದರಲ್ಲಿ ಜಪಾನಿನ ಒಂದು ಡಿಸ್ಕೂ ಸೇರಿಕೊಂಡಿದೆ. ಗಡಿನಾಡಿನ ಸಮ್ಮೇಳನದ ಸಂಚಿಕೆಯಲ್ಲಿ ಆಟದ ಡಿಸ್ಕಿನ ಮಾತೇಕೆ ಎಂದು ಓದುಗರು ಕೇಳಬಹುದು. ಅವ್ವನ ಪುಸ್ತಕವನ್ನು ನಾವು ತೆರೆಯುವಂತೆ ಮಾಡಿದ್ದು ಆ ಡಿಸ್ಕು. ಅದಕ್ಕಾಗಿ ಈ ಬರಹ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ ಆ ವರ್ಷ ಕಂಪನಿಯ ಕಾರ್ಯದ ಮೇಲೆ ಟೋಕಿಯೊಗೆ ಹೋಗಿದ್ದನು. ಡ್ರ್ಯಾಗನ್ ಬಾಲ್ ಕತೆಯ ಕರ್ತೃ ಅಕಿರಾ ತೊರಿಯಾಮಾ ಆ ಮಾರ್ಚ್ 1ರಂದು ತೀರಿಕೊಂಡಿದ್ದರು. 1984ರಲ್ಲಿ ವಾರಪತ್ರಿಕೆಯೊಂದರಲ್ಲಿ ಚಿತ್ರಕತೆಯಾಗಿ ಮೊದಲಾಗಿ, 1989ರಲ್ಲಿ ಡ್ರ್ಯಾಗನ್ ಬಾಲ್ ಝಡ್ ಎಂಬ ಹೆಸರಿನಿಂದ ದೂರದರ್ಶನಕ್ಕೆ ಬಂದ ಈ ಕತೆಯನ್ನು ನಮ್ಮ ಮನೆಯ ಮಕ್ಕಳು ಹಿಂದಿಯಲ್ಲಿ ನೋಡಿ ಬೆಳೆದವರು. ನಾಯಕ ಗೋಕು ಅವರಿಗೆ ಓಣಿಯ ಗೆಳೆಯನಷ್ಟು ಪರಿಚಿತ. ಆದುದರಿಂದ ಅಳಿಯನು ಅಕಿಹಾಬಾರಾದ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಗೋಕುವಿನ ಚಿತ್ರವಿದ್ದ ಡಿಸ್ಕನ್ನು ಕಂಡು, ನಮ್ಮ ಮೊಮ್ಮಗಳಿಗೆಂದು ಕೊಂಡು ತಂದನು.

ಡಿಸ್ಕು ಮನೆಗೆ ಬಂದ ದಿನ ಹಬ್ಬದಂತಿತ್ತು. ಆದರೆ ಟಿ.ವಿ.ಗೆ ಜೋಡಿಸಿದ ಡಿವಿಡಿ ಪ್ಲೇಯರು ಅದನ್ನು ಗುರುತಿಸಲಿಲ್ಲ. ಮಗನ ಕಂಪ್ಯೂಟರೂ ಸುಮ್ಮನೆ ತಿರುಗಿಸಿ ಹೊರಗೆ ತಳ್ಳಿತು. ಮೊಮ್ಮಗಳ ಮುಖ ಬಾಡಿತು. ವಿಚಾರಿಸಿ ತಿಳಿದುಕೊಂಡ ಮೇಲೆ ಅಳಿಯನು ಹೇಳಿದ್ದು ಇಷ್ಟು: ಅದರ ಹೆಸರು ‘ಅನಿಮೆ ಡಿಸೈನರ್’. ಪಾತ್ರಗಳನ್ನೂ ಹಿನ್ನೆಲೆಗಳನ್ನೂ ಆರಿಸಿಕೊಂಡು ಮಕ್ಕಳು ತಾವೇ ಕಾರ್ಟೂನು ಕಟ್ಟುವ ಸಾಧನ. ಅದು ‘ಪಿಪ್ಪಿನ್’ ಎಂಬ ಆಟದ ಯಂತ್ರಕ್ಕಾಗಿ ಬಂದದ್ದು. ಆಪಲ್ ಕಂಪನಿಯು ರೂಪಿಸಿ, ಜಪಾನಿನ ಬಂದಾಯ್ ಕಂಪನಿಯು 1996ರಲ್ಲಿ 64,800 ಯೆನ್ ಬೆಲೆಗೆ ಮಾರುಕಟ್ಟೆಗೆ ತಂದ ಯಂತ್ರವದು. ಆಟದ ಯಂತ್ರವೆಂದು ಕೊಳ್ಳುವವರಿಗೆ ಬೆಲೆ ಹೆಚ್ಚಾಯಿತು, ಕಂಪ್ಯೂಟರೆಂದು ಕೊಳ್ಳುವವರಿಗೆ ಶಕ್ತಿ ಸಾಲದಾಯಿತು. ಸುಮಾರು 42,000 ಮಾತ್ರ ಮಾರಾಟವಾಗಿ, ಮರುವರ್ಷವೇ ಅದರ ಕತೆ ಮುಗಿಯಿತು. ಯಂತ್ರ ಹೋಯಿತು, ಡಿಸ್ಕು ಉಳಿಯಿತು.

ಅಳಿಯನು ಕೈಬಿಡಲಿಲ್ಲ. ಪಿಪ್ಪಿನ್ ಎಂಬುದು ಒಂದು ಜಾತಿಯ ಸೇಬಿನ ಹೆಸರಂತೆ. ಆಪಲ್ ಕಂಪನಿಯ ಮ್ಯಾಕಿಂಟಾಷ್ ಗಣಕಕ್ಕೂ ಸೇಬಿನದೇ ಹೆಸರು. ಹೆಸರಿನಲ್ಲಷ್ಟೇ ಅಲ್ಲ, ಒಳಗಿನ ವ್ಯವಸ್ಥೆಯಲ್ಲಿಯೂ ಅವು ಒಡಹುಟ್ಟಿದವು. ಪಿಪ್ಪಿನ್ ತನ್ನ ಗುರುತಿನ ಮುದ್ರೆಯಿಲ್ಲದ ಡಿಸ್ಕನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮ್ಯಾಕಿಂಟಾಷಿಗೆ ಆ ಬಿಗುಮಾನವಿಲ್ಲ. ಪಿಪ್ಪಿನ್ನಿಗಾಗಿ ಬಂದ ಹಲವು ಡಿಸ್ಕುಗಳು ಆ ಕಾಲದ ಮ್ಯಾಕಿಂಟಾಷಿನಲ್ಲಿ ತೆರೆದುಕೊಳ್ಳುತ್ತವೆ. ಅಳಿಯನ ಸ್ನೇಹಿತರೊಬ್ಬರ ಡಿಟಿಪಿ ಅಂಗಡಿಯ ಮೂಲೆಯಲ್ಲಿ ಅಂಥದೊಂದು ಗಣಕ ಇನ್ನೂ ಜೀವಂತವಾಗಿತ್ತು. ಒಂದು ಕಾಲಕ್ಕೆ ಕನ್ನಡ ಪುಸ್ತಕಗಳ ಪುಟ ಕಟ್ಟಿದ ಗಣಕವದು.

ದಸರೆಯ ರಜೆಯಲ್ಲಿ ನಾವು ಮೊಮ್ಮಗಳನ್ನು ಕರೆದುಕೊಂಡು ಗುಂತಕಲ್ಲಿನಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಆ ಗಣಕ ಡಿಸ್ಕನ್ನು ನುಂಗಿ, ಬಹಳ ಹೊತ್ತು ಗುರುಗುಟ್ಟಿ, ಕೊನೆಗೆ ತೆರೆಯಿತು. ಪರದೆಯ ಮೇಲಿನ ಜಪಾನೀ ಅಕ್ಷರಗಳಲ್ಲಿ ಹಲವು ಚೆದುರಿಹೋಗಿದ್ದವು, ಚಿತ್ರಗಳು ನೆಟ್ಟಗಿದ್ದವು. ಹನ್ನೆರಡು ವರ್ಷದ ಹುಡುಗಿ ಚಿತ್ರಗಳ ಆಧಾರದಿಂದಲೇ ದಾರಿ ಹಿಡಿದು, ಅರ್ಧ ಗಂಟೆಯೊಳಗೆ ಗೋಕುವನ್ನು ಬೆಟ್ಟದ ಮುಂದೆ ನಿಲ್ಲಿಸಿ ಓಡಾಡಿಸಿದಳು. ತಾನು ಹುಟ್ಟುವುದಕ್ಕೆ ಮೊದಲೇ ಸತ್ತ ಯಂತ್ರದ ಡಿಸ್ಕು ತನ್ನ ಕೈಯಲ್ಲಿ ಆಡಿತಲ್ಲ ಎಂಬ ಸಂತೋಷ ಅವಳಿಗೆ.

ಮರಳುವ ರೈಲಿನಲ್ಲಿ ಅವಳು ಅಳಿಯನ ಫೋನಿನ ಕ್ಯಾಮೆರಾವನ್ನು ನೆನೆದಳು. ಡಿಸ್ಕಿನ ಹೊದಿಕೆಯ ಮೇಲೆ ಅದನ್ನು ಹಿಡಿದರೆ ಜಪಾನೀ ಬರಹ ಇಂಗ್ಲಿಷಾಗುತ್ತಿತ್ತು. ಇದ್ದಕ್ಕಿದ್ದಂತೆ ಕೇಳಿದಳು: “ತಾತಾ, ಜಪಾನಿನ ಅಕ್ಷರ ಫೋನು ಓದ್ತೈತೆ. ಮುತ್ತವ್ವನ ಬುಕ್ಕು ಯಾರು ಓದ್ತಾರೆ?”

ನಮಗೆ ಉತ್ತರ ಹೊಳೆಯಲಿಲ್ಲ. ಅವ್ವ ಸಿರಿಗುಪ್ಪದ ಕಡೆಯವಳು. ಮದುವೆ, ಸೀಮಂತ, ತೊಟ್ಟಿಲು, ಸುಗ್ಗಿ, ಇವೆಲ್ಲಕ್ಕೂ ಅವಳ ಬಳಿ ಹಾಡುಗಳಿದ್ದವು. ಮುಪ್ಪಿನಲ್ಲಿ ಅವನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟಳು. ಅವಳು ಹೋದ ಮೇಲೆ ನಾವು ಆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಪ್ರತಿವರ್ಷ ದಸರೆಯಲ್ಲಿ ಸರಸ್ವತಿಯ ಮುಂದಿಟ್ಟು ಕುಂಕುಮ ಹಚ್ಚಿದೆವು. ಬಟ್ಟೆಯ ಗಂಟನ್ನು ಮಾತ್ರ ಒಮ್ಮೆಯೂ ಬಿಚ್ಚಲಿಲ್ಲ. ನಾವು ಬಾಲ್ಯದಲ್ಲಿ ಬಳ್ಳಾರಿಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದವರು. ನಮ್ಮ ಮಕ್ಕಳು ಇಲ್ಲಿ ತೆಲುಗಿನಲ್ಲಿ ಓದಿದರು. ಮೊಮ್ಮಗಳು ತೆಲುಗು, ಇಂಗ್ಲಿಷ್ ಓದುತ್ತಾಳೆ. ಮೂವರೂ ಮನೆಯಲ್ಲಿ ಆಡುವುದು ಕನ್ನಡ. ಅಕ್ಷರ ಬಲ್ಲವರು ನಾವೊಬ್ಬರೇ, ನಮ್ಮ ಕಣ್ಣಿಗೆ ಈಗ ಪೊರೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಕಡೆಯ ವೇದಿಕೆಗಳಲ್ಲಿ ಆ ನೋವನ್ನು ಹೇಳಿಕೊಳ್ಳುತ್ತ ಬಂದಿದ್ದೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ನಮ್ಮ ನಡುಮನೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಬೇಡಿರೆಂದು ಯಾವ ಸರಕಾರವೂ ಆಜ್ಞೆ ಹೊರಡಿಸಲಿಲ್ಲ. ಆ ಕೆಲಸವನ್ನು ಬಿಟ್ಟವರು ನಾವೇ.

ಊರಿಗೆ ಬಂದ ಸಂಜೆ ಕೆಂಪು ಬಟ್ಟೆ ಬಿಚ್ಚಿದೆವು. ಮೊಮ್ಮಗಳು ಪುಟವನ್ನು ದಿಟ್ಟಿಸಿ, “ಇದರಲ್ಲಿ ಅರ್ಧ ನಂಗೆ ಬರ್ತೈತೆ” ಎಂದಳು. ಬರಲೇಬೇಕು. ಹಲವು ಶತಮಾನ ಕನ್ನಡಕ್ಕೂ ತೆಲುಗಿಗೂ ಲಿಪಿ ಒಂದೇ ಆಗಿತ್ತು, ಬೇರೆಯಾದದ್ದು ಆಮೇಲೆ. ಗ, ದ, ನ, ಮ, ರ ಅಕ್ಷರಗಳಲ್ಲಿ ತಲೆಕಟ್ಟು ಬೇರೆ, ಮೈ ಒಂದೇ. ಕ, ತ, ಶ, ಹ ಮೊದಲಾದ ಕೆಲವನ್ನು ಮಾತ್ರ ಹೊಸದಾಗಿ ಕಲಿಯಬೇಕು. ಮ್ಯಾಕಿಂಟಾಷಿನಲ್ಲಿ ಪಿಪ್ಪಿನ್ನಿನ ಡಿಸ್ಕು ತೆರೆದಂತೆಯೇ ಇದು ಎಂದು ಅವಳೇ ನಗುತ್ತ ಹೇಳಿದಳು. ನಾವು ಹಲಗೆಯ ಮೇಲೆ ಎರಡು ಲಿಪಿಗಳನ್ನೂ ಎದುರುಬದುರು ಬರೆದೆವು. ಮೂರು ವಾರಗಳಲ್ಲಿ ಅವಳು ಅವ್ವನ ಅಂಕುಡೊಂಕಾದ ಬರಹವನ್ನು ಬೆರಳಿಟ್ಟು ಓದತೊಡಗಿದಳು. ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ಪದ ಅರ್ಥವಾಗದ ಕಡೆ ನಮ್ಮನ್ನು ಕೇಳುತ್ತಾಳೆ. ಕೆಲವು ಪದಗಳು ನಮಗೂ ಮರೆತಿವೆ. ಕೇಳೋಣವೆಂದರೆ ಅವ್ವ ಇಲ್ಲ.

ಆದುದರಿಂದ ಸಂಘದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಕನ್ನಡ ಶಾಲೆಗಳಿಗಾಗಿ ಬೇಡಿಕೆಯ ಮನವಿಗಳು ಹೋಗುತ್ತಲಿರಲಿ. ಅದರ ಜೊತೆಗೆ ಬೇಸಿಗೆ ರಜೆಯಲ್ಲಿ, ಮನೆಯಲ್ಲಿ ಕನ್ನಡ ಆಡುತ್ತ ಶಾಲೆಯಲ್ಲಿ ತೆಲುಗು ಕಲಿತ ಮಕ್ಕಳಿಗೆಂದೇ ಒಂದು ತಿಂಗಳ ಅಕ್ಷರದ ತರಗತಿ ನಡೆಯಲಿ. ಅವರಿಗೆ ಓನಾಮದಿಂದ ಕಲಿಸುವ ಅಗತ್ಯವಿಲ್ಲ. ಭಾಷೆ ನಾಲಗೆಯ ಮೇಲಿದೆ, ಅಕ್ಷರದ ಅರ್ಧ ಕಣ್ಣಿನಲ್ಲಿದೆ. ಮಕ್ಕಳು ತಮ್ಮ ಮನೆಯಲ್ಲಿರುವ ಹಳೆಯ ಕನ್ನಡ ಕಾಗದವನ್ನು ತರಲಿ. ಅದು ಪತ್ರವಾಗಲಿ, ಲೆಕ್ಕದ ಪುಸ್ತಕವಾಗಲಿ, ಹಾಡಾಗಲಿ, ಅದೇ ಅವರ ಪಠ್ಯವಾಗಲಿ. ಆಸ್ಪರಿಯಲ್ಲಿ ಅಂಥ ತರಗತಿ ನಡೆಸಲು ನಮ್ಮ ನಡುಮನೆಯನ್ನೂ ಹಲಗೆಯನ್ನೂ ಕೊಡುತ್ತೇವೆ.

ಡಿಸ್ಕು ಈಗಲೂ ಟ್ರಂಕಿನಲ್ಲಿದೆ. ಅದನ್ನು ಮತ್ತೆ ಆಡಿಸಬೇಕಾದರೆ ಬೆಂಗಳೂರಿಗೇ ಹೋಗಬೇಕು. ಅವ್ವನ ಪುಸ್ತಕ ಟ್ರಂಕಿನಲ್ಲಿಲ್ಲ. ಅದು ಮೊಮ್ಮಗಳ ಶಾಲೆಯ ಚೀಲದಲ್ಲಿ, ತೆಲುಗು ವಾಚಕದ ಪಕ್ಕದಲ್ಲಿದೆ. ಅಂಚುಗಳು ಸ್ವಲ್ಪ ಹರಿದಿವೆ. ನಾವು ಬೈಯುವುದಿಲ್ಲ.