ಸದ್ದಿನ ಬಾಲ

ಪ್ರತಿಧ್ವನಿಯನ್ನು ಅರಿಯದವರಿಲ್ಲ. ಗುಡ್ಡದ ಎದುರು ನಿಂತು ತನ್ನ ಹೆಸರನ್ನು ಕೂಗಿ, ಅದು ತಿರುಗಿ ಬಂದಾಗ ಹಿಗ್ಗದ ಮಗುವಾದರೂ ಯಾವುದು? ಅದರ ತಂಗಿಯಾದ ಅನುರಣನಕ್ಕೆ ಮಾತ್ರ ಅಷ್ಟು ಪ್ರಸಿದ್ಧಿಯಿಲ್ಲ. ಪ್ರತಿಧ್ವನಿ ನಾವು ಆಡಿದ್ದನ್ನು ಬಿಡಿಯಾಗಿ, ಸಾಲ ತೀರಿಸುವವರಂತೆ, ಹಿಂದಕ್ಕೆ ಕೊಡುತ್ತದೆ. ಅನುರಣನ ಹಾಗಲ್ಲ. ಸದ್ದು ನಿಂತ ಮೇಲೂ ಅದರ ಹಿಂದೆ ಬಾಲದಂತೆ ಎಳೆದುಕೊಂಡು ಬಂದು, ಸಣ್ಣಗಾಗುತ್ತ ಸಾಗಿ, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಮುಗಿಯುತ್ತದೆ.

ಕನ್ನಡದ ಮೇಷ್ಟರಾದ ನಮಗೆ ಈ ಶಬ್ದ ಹಳೆಯ ನೆಂಟ. ಒಂಬತ್ತನೆಯ ಶತಮಾನದ ಆನಂದವರ್ಧನನ 'ಧ್ವನ್ಯಾಲೋಕ'ವನ್ನು ಪಾಠ ಹೇಳುವಾಗಲೆಲ್ಲ ಗಂಟೆಯ ಹೋಲಿಕೆ ಬಂದೇ ಬರುತ್ತದೆ. ಗಂಟೆಗೆ ಬಿದ್ದ ಪೆಟ್ಟು ವಾಚ್ಯಾರ್ಥ. ಆಮೇಲೆ ಉಳಿದು ಗುಂಯ್‌ಗುಡುವುದು ವ್ಯಂಗ್ಯಾರ್ಥ. ಸಾಗರದ ಬಳಿಯ ಇಕ್ಕೇರಿಯಲ್ಲಿ ಅಘೋರೇಶ್ವರನ ಗುಡಿಯ ಕಲ್ಲಿನ ಮಂಟಪದಲ್ಲಿ ಒಬ್ಬರೇ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಈ ಪಾಠ ಅರ್ಧಕ್ಕರ್ಧ ಮುಗಿದಂತೆ. ಕೆಳದಿಯ ನಾಯಕರು ಕಟ್ಟಿಸಿದ್ದು ದೇವರಿಗೆ. ನಡುವೆ ನಮ್ಮ ಕಾವ್ಯಮೀಮಾಂಸೆಗೂ ಉಪಕಾರವಾಯಿತು.

ಆದರೆ ಕಳೆದ ವರ್ಷ ಈ ಶಬ್ದ ನಮ್ಮ ಮನೆಗೆ ಬೇರೊಂದು ವೇಷದಲ್ಲಿ ಬಂತು. ಪಿ.ಯು.ಸಿ. ಓದುವ ನನ್ನ ಮಗ ಗಿಟಾರಿನ ಜೊತೆಗೆ ಒಂದು ಡಿಜಿಟಲ್ ಪೆಟ್ಟಿಗೆಯನ್ನು ತಂದ. ಗಾತ್ರದಲ್ಲಿ ನಮ್ಮ ಎಲೆಯಡಿಕೆಯ ತಟ್ಟೆಗಿಂತ ತುಸು ದೊಡ್ಡದು. ಅದರೊಳಗೆ ಕೋಣೆಯುಂಟು, ಸಭಾಂಗಣವುಂಟು, ಯೂರೋಪಿನ ಇಗರ್ಜಿಯುಂಟು. ಗುಂಡಿ ತಿರುಗಿಸಿದರೆ ಒಂದೊಂದೇ ಕಟ್ಟಡ ಎದ್ದು ನಿಲ್ಲುತ್ತದೆ. ಇದಕ್ಕೆ ರಿವರ್ಬ್ ಎಂದು ಹೆಸರು. ಇಕ್ಕೇರಿ ಮಾತ್ರ ಅದರಲ್ಲಿಲ್ಲ.

ಪೆಟ್ಟಿಗೆಯ ಗುಟ್ಟನ್ನು ಮಗ ನನಗೆ ಬಿಡಿಸಿ ಹೇಳಿದ. ಹೊಕ್ಕ ಸದ್ದನ್ನು ಅದು ಅಂಕೆಗಳಾಗಿ ಮಾಡಿಕೊಂಡು, ಅದರ ನೂರಾರು ಪ್ರತಿಗಳನ್ನು ಬೇರೆ ಬೇರೆ ಹೊತ್ತು ತಡೆದಿಟ್ಟು, ಒಂದಕ್ಕಿಂತ ಒಂದನ್ನು ಕ್ಷೀಣವಾಗಿ ಹೊರಗೆ ಬಿಡುತ್ತದೆ. ಗೋಡೆಗಳು ಮಾಡುವುದೂ ಅದನ್ನೇ ಅಲ್ಲವೆ? ಈ ಲೆಕ್ಕದ ದಾರಿಯನ್ನು 1960ರ ದಶಕದ ಆರಂಭದಲ್ಲಿ ತೋರಿಸಿದವನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಮ್ಯಾನ್‌ಫ್ರೆಡ್ ಶ್ರೋಡರ್. ಅದಕ್ಕೂ ಮೊದಲು, 1947ರಲ್ಲಿ, ಬಿಲ್ ಪಟ್ನಮ್ ಎಂಬ ಧ್ವನಿಮುದ್ರಣಕಾರ ಸ್ಟುಡಿಯೋದ ಬಚ್ಚಲುಮನೆಯಲ್ಲಿ ಸ್ಪೀಕರನ್ನೂ ಮೈಕನ್ನೂ ಇಟ್ಟು ಈ ಬಾಲವನ್ನು ಹಿಡಿದಿದ್ದ. ಬಚ್ಚಲಲ್ಲಿ ಹಾಡುವವರೆಲ್ಲ ಗಂಧರ್ವರಾಗುವುದು ಏಕೆಂದು ನನಗೆ ಆಗ ತಿಳಿಯಿತು.

ಮಗನಿಗೆ ಬೇಕಾದದ್ದು 'ಆಂಬಿಯೆಂಟ್' ಎಂಬ ಬಗೆಯ ನಾದ. ಈ ಹೆಸರನ್ನು ಸಂಗೀತದಲ್ಲಿ ರೂಢಿಗೆ ತಂದದ್ದು ಬ್ರಯಾನ್ ಈನೋ 1978ರಲ್ಲಿ ಹೊರತಂದ ಧ್ವನಿಮುದ್ರಿಕೆ. ಅದರಲ್ಲಿ ರಾಗ, ತಾಳಗಳಿಗಿಂತ ಆವರಿಸುವ ಗುಣ ಮುಖ್ಯ. ಮಂಜು ಕಣಿವೆಯನ್ನು ತುಂಬುವ ಹಾಗೆ. ಅವನು ಅದನ್ನು ಸಾಧಿಸುವ ಕ್ರಮ ನೋಡತಕ್ಕದ್ದು. ಮೊದಲು ಗಿಟಾರಿನ ವಾಲ್ಯೂಮನ್ನು ಸೊನ್ನೆಗಿಳಿಸಿ, ತಂತಿಯನ್ನು ಮೀಟಿ, ಬಳಿಕ ಮೆಲ್ಲಗೆ ಏರಿಸುತ್ತಾನೆ. 'ಟಣ್' ಎಂಬ ಮೊದಲ ಪೆಟ್ಟು ಕೇಳಿಸುವುದೇ ಇಲ್ಲ. ಆ ಸ್ವರ ಡಿಲೇ ಎಂಬ ಪ್ರತಿಧ್ವನಿಯನ್ನು ಹಾದು ರಿವರ್ಬಿಗೆ ಹೋಗುತ್ತದೆ. ಬಾಲದ ಉದ್ದ ಏಳೆಂಟು ಸೆಕೆಂಡು. ಮೂಲಸ್ವರಕ್ಕೂ ಬಾಲಕ್ಕೂ ನಡುವೆ ಸೆಕೆಂಡಿನ ನೂರರಲ್ಲಿ ನಾಲ್ಕೈದು ಭಾಗದ ಬಿಡುವು ಕೊಟ್ಟರೆ ಗೋಡೆ ದೂರ ಸರಿಯುತ್ತದೆ. ಕೆಳಗಿನ ದಪ್ಪ ಸ್ವರಗಳನ್ನು ಸೋಸಬೇಕು, ಇಲ್ಲವಾದರೆ ಎಲ್ಲ ಕಲಸಿ ಅಂಬಲಿಯಾಗುತ್ತದೆ. ಮೇಲಿನ ಚೂಪನ್ನು ತುಸು ಮೊಂಡು ಮಾಡಬೇಕು. ಇಷ್ಟಾದ ಮೇಲೆ ನುಡಿಸುವುದು ಮೂರೋ ನಾಲ್ಕೋ ಸ್ವರ. ಹೆಚ್ಚು ನುಡಿಸಿದರೆ ಕೆಟ್ಟಿತು. ಪೆಟ್ಟಿಲ್ಲದ ಗಂಟೆ, ಬರಿಯ ಧ್ವನಿ! ಆನಂದವರ್ಧನ ಇದಕ್ಕೆ ಏನೆನ್ನುತ್ತಿದ್ದನೋ!

ನಮ್ಮ ಅಪ್ಪಯ್ಯನಿಗೆ ಎಪ್ಪತ್ತೈದು ದಾಟಿದೆ. ಅವರು ಹುಟ್ಟಿದ ಮನೆ ಹೊಸನಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ ಮುಳುಗಿ, ಸಂಸಾರ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ, ಅದೇ ನೀರಿನಲ್ಲಿ ಮುಳುಗಿದ ಹಿಂದಿನ ಕಾಲದ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ಅಪ್ಪಯ್ಯನ ಮನೆ ಏಳುವುದಿಲ್ಲ; ಅದು ಮಣ್ಣಿನ ಗೋಡೆಯದು.

ಒಂದು ಸಂಜೆ ಅವರು ಆರಾಮ ಕುರ್ಚಿಯಲ್ಲಿ ಕುಳಿತು ಮೊಮ್ಮಗನ ನಾದವನ್ನು ಕೇಳುತ್ತಿದ್ದರು. ಮಗ ಕೇಳಿದ: "ಅಜ್ಜಾ, ಮುಳುಗಿದ ಮನೆಯ ನಡುಮನೆ ಎಷ್ಟು ದೊಡ್ಡದಿತ್ತು?" ಅಪ್ಪಯ್ಯ ಕೈಯಿಂದಲೇ ಅಳತೆ ತೋರಿಸಿದರು. ಅವನು ಗುಂಡಿಗಳನ್ನು ಹೊಂದಿಸಿ ಒಂದು ಸ್ವರ ನುಡಿಸಿದ.

"ಇಷ್ಟೆಲ್ಲ ಇರಲಿಲ್ಲ ಮಾಣಿ. ಪಣತದ ತುಂಬ ಭತ್ತ ಇತ್ತು."

ಬಾಲ ಒಂದು ಸೆಕೆಂಡಿಗಿಂತ ಕೆಳಗಿಳಿಯಿತು.

"ಇನ್ನೂ ಕಡಿಮೆ. ಅಟ್ಟದ ಮೇಲೆ ಅಡಿಕೆ ಚೀಲ, ಗಳುವಿನ ಮೇಲೆ ಕಂಬಳಿ, ಕೆಳಗೆ ಹನ್ನೆರಡು ಜನ ಮಲಗುತ್ತಿದ್ದೆವು."

ಇದು ಶಾಸ್ತ್ರಕ್ಕೂ ಸರಿಯಾದ ಮಾತು. 1895ರಲ್ಲಿ ಹಾರ್ವರ್ಡಿನ ವಾಲೇಸ್ ಸೇಬಿನ್ ಅನುರಣನದ ಲೆಕ್ಕವನ್ನು ಕಂಡುಹಿಡಿಯಲು ಹೊರಟಾಗ, ಮಾತು ತಿಳಿಯದಷ್ಟು ಗುಂಯ್‌ಗುಡುತ್ತಿದ್ದ ಉಪನ್ಯಾಸದ ಕೋಣೆಯೊಳಗೆ ರಾತ್ರಿ ಹೊತ್ತು ನಾಟಕಶಾಲೆಯ ಮೆತ್ತೆಗಳನ್ನು ಹೊತ್ತು ತಂದು ಹರಡಿದ. ಮೆತ್ತೆ ಹೆಚ್ಚಿದಂತೆ ಸದ್ದಿನ ಬಾಲ ಕುಗ್ಗಿತು. ಭತ್ತ, ಕಂಬಳಿ, ಮನುಷ್ಯರ ಮೈ—ಸದ್ದನ್ನು ನುಂಗುವುದರಲ್ಲಿ ಇವುಗಳದೂ ಅದೇ ಜಾತಿ. ತುಂಬಿದ ಮನೆಯಲ್ಲಿ ಕೂಗು ಕೂಗಿದಲ್ಲೇ ನಿಲ್ಲುತ್ತದೆ.

ಕೊನೆಗೆ ಬಾಲವೇ ಇಲ್ಲದ ಒಣ ಸ್ವರ ಉಳಿಯಿತು. ಅಪ್ಪಯ್ಯ "ಹ್ಞಾಂ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಮನೆ ಬಿಡುವ ದಿನ ಸಾಮಾನೆಲ್ಲ ಗಾಡಿಗೆ ಹೇರಿ ಆಗಿತ್ತು. ಅಮ್ಮ ಒಳಗಿನಿಂದ ನನ್ನ ಹೆಸರು ಹಿಡಿದು ಕರೆದಳು. ಅದೊಂದು ಸಲ ಮಾತ್ರ, ನೀನು ಮೊದಲು ನುಡಿಸಿದೆಯಲ್ಲ, ಹಾಗೆ ಕೇಳಿತು."

ಮಗ ಗುಂಡಿಯ ಮೇಲಿಂದ ಕೈ ತೆಗೆದ. ಆ ದಿನ ಮತ್ತೆ ನುಡಿಸಲಿಲ್ಲ.

ದೀರ್ಘ ಅನುರಣನದ ಚೆಲುವು ಎಲ್ಲಿಂದ ಬರುತ್ತದೆಂದು ನಾನು ಅಷ್ಟು ದಿನ ಯೋಚಿಸಿರಲಿಲ್ಲ. ಗುಡಿಯಲ್ಲಿ ಅದು ವೈಶಾಲ್ಯದ ಗುಣ. ಮನೆಯಲ್ಲಿ ಅದು ಖಾಲಿತನದ ಗುರುತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಈಗ ನೀರು ಬಾರದೆಯೂ ಖಾಲಿಯಾದ ದೊಡ್ಡ ಮನೆಗಳಿವೆ. ಜಗಲಿಯಲ್ಲಿ ಇಬ್ಬರು ಮುದುಕರು, ಒಳಗೆಲ್ಲ ಬರಿಯ ಗೋಡೆ. ಅಲ್ಲಿ "ಯಾರಿದ್ದೀರಿ?" ಎಂದು ಕೇಳಿ ನೋಡಿ, ನಿಮಗೂ ಗೊತ್ತಾಗುತ್ತದೆ.

ಬರುವ ಮಳೆಗಾಲಕ್ಕೆ ಮಗ ಓದಲು ಬೆಂಗಳೂರಿಗೆ ಹೋಗುತ್ತಾನೆ. ಪೆಟ್ಟಿಗೆಯೂ ಅವನೊಡನೆ ಹೋಗುತ್ತದೆ. ಅವನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕದ ಕಪಾಟು ಮಾಡಿಸುವುದೆಂದು ನಾವು ಗಂಡಹೆಂಡಿರು ಮಾತಾಡಿಕೊಂಡಿದ್ದೇವೆ.