ನಲವತ್ತೈದರಲ್ಲಿ ಸಾರಾ

‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಎಂಬತ್ತರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಪತ್ರಿಕೆ ನಮ್ಮ ಮನೆ ಸೇರುವಷ್ಟರಲ್ಲಿ ಮೂರ್ನಾಲ್ಕು ಕೈ ದಾಟಿ, ಮಡಿಕೆ ಹರಿದು, ಅಂಚಿಗೆ ಎಣ್ಣೆ ಕಲೆ ಹತ್ತಿರುತ್ತಿತ್ತು. ಕುಚ್ಚಲಕ್ಕಿ ಬೇಯುವ ಒಲೆಯ ಬುಡದಲ್ಲೇ ಕೂತು ಅಮ್ಮ ಓದುತ್ತಿದ್ದರು. ಬರೆದವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ ಇರಬೇಕೆಂದು ನಮ್ಮ ಊಹೆ. ಆದರೆ ಅದನ್ನು ಬರೆದ ಸಾರಾ ಅಬೂಬಕ್ಕರ್ ಆಗಲೇ ನಲವತ್ತೈದರ ಆಸುಪಾಸಿನಲ್ಲಿದ್ದರು, ನಾಲ್ಕು ಗಂಡುಮಕ್ಕಳ ತಾಯಿ.

ಅವರು ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಮನೆಮಾತು ಮಲಯಾಳ, ಓದಿದ್ದು ಕನ್ನಡ. ವಕೀಲರಾಗಿದ್ದ ತಂದೆ ಮಗಳನ್ನು ಹೈಸ್ಕೂಲಿನವರೆಗೂ ಓದಿಸಿದರು. ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಅಷ್ಟು ಓದಿದ ಮೊದಲಿಗರಲ್ಲಿ ಸಾರಾ ಒಬ್ಬರು. ಮುಂದಕ್ಕೆ ಓದುವ ಆಸೆ ಅಲ್ಲಿಗೇ ನಿಂತಿತು, ಮದುವೆಯಾಯಿತು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಅವರು ತಡವಾಗಿ ಬರೆದರು ಎನ್ನುವವರು ಈ ಇಸವಿಯನ್ನು ಮರೆಯಬಾರದು. ಪುಸ್ತಕ ಕೈಗೆ ಬಂದದ್ದೇ ತಡವಾಗಿ.

ಆದರೆ ಆ ವರ್ಷಗಳಲ್ಲಿ ಅವರು ಅಡುಗೆಮನೆಗಳ ಮಾತನ್ನು ಕೇಳಿಸಿಕೊಂಡಿದ್ದರು. ಕಾದಂಬರಿಯ ನಾಯಕಿ ನಾದಿರಾಳಿಗೆ ಗಂಡನ ಮೇಲೆ ಪ್ರೀತಿಯಿದೆ, ಅವನಿಗೂ ಇದೆ. ಅಪ್ಪನ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಅವಳು ಮಸೀದಿಯ ಕೆರೆಗೆ ಬೀಳುತ್ತಾಳೆ. ಸಾರಾ ಅವರ ಗದ್ಯ ತೀರಾ ಸರಳ ಎಂಬ ಮಾತನ್ನು ಬಹಳ ಕೇಳಿದ್ದೇನೆ, ಒಪ್ಪಿಲ್ಲ. ಅಮ್ಮನ ಓರಗೆಯ ಹೆಂಗಸರು ಯಾರ ಸಹಾಯವೂ ಇಲ್ಲದೆ ಆ ಕಾದಂಬರಿ ಓದಿದ್ದು ಆ ಸರಳತೆಯಿಂದಲೇ.

ಬರೆದದ್ದಕ್ಕೆ ಬೆಲೆ ತೆತ್ತರು. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಅವರ ಮೇಲೆ ದಾಳಿ ನಡೆಯಿತು. ಬರವಣಿಗೆ ನಿಲ್ಲಲಿಲ್ಲ. ‘ಸಹನಾ’, ‘ವಜ್ರಗಳು’, ‘ಚಪ್ಪಲಿಗಳು’ ಬಂದವು. ಮಲಯಾಳದಿಂದ ಅನುವಾದ ಮಾಡಿದರು, ಚಂದ್ರಗಿರಿ ಪ್ರಕಾಶನ ಕಟ್ಟಿದರು, ಆತ್ಮಕಥೆ ಬರೆದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ 86 ವರ್ಷ. ಬರಹಗಾರ್ತಿಯಾಗಿ ಬಾಳಿದ್ದು ನಾಲ್ಕು ದಶಕ. ಬೇಗ ಶುರುಮಾಡಿದ ಎಷ್ಟೋ ಜನರಿಗೆ ಅಷ್ಟು ದಕ್ಕಿಲ್ಲ.

ಇಂದು ಆ ಕಾದಂಬರಿಯನ್ನು ಯಾರೂ ಒಲೆಯ ಬುಡದಲ್ಲಿ ಕದ್ದು ಓದಬೇಕಿಲ್ಲ. ಒಂದೇ ಉಸಿರಿನ ತಲಾಖನ್ನು ಸುಪ್ರೀಂ ಕೋರ್ಟ್ 2017ರಲ್ಲಿ ರದ್ದುಮಾಡಿತು, 2019ರಲ್ಲಿ ಕಾನೂನೂ ಬಂತು. ನಾದಿರಾಳನ್ನು ಕೆರೆಗೆ ತಳ್ಳಿದ ಆ ಒಂದು ರಾತ್ರಿಯ ಮದುವೆಯ ಪ್ರಶ್ನೆಯನ್ನು ಕೋರ್ಟು ಸಂವಿಧಾನ ಪೀಠಕ್ಕೆ ಒಪ್ಪಿಸಿದ್ದು 2018ರಲ್ಲಿ. ಆ ಹೊತ್ತಿಗೆ ಸಾರಾ ಅದನ್ನು ಬರೆದು ಮೂವತ್ತೈದು ವರ್ಷ ಆಗಿಹೋಗಿತ್ತು.